‘ಇಂಜೆಕ್ಷನ್ ಎಲ್ಲ ಆಗಿದೆ’ ಅಂತ ಅಮೆರಿಕಕ್ಕೆ ಬರುವ ನಮ್ಮವರಿಗೆ

ಲಸಿಕೆ ಯಾಕೆ ಬೇಕು ಅಂತ ನಮ್ಮವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಪೋಲಿಯೋ ಭಾನುವಾರ ಬಂದರೆ ಕೂಸನ್ನು ಎತ್ತಿಕೊಂಡು ಬೂತಿಗೆ ಹೋಗಿ, ಅದರ ಬೆರಳಿಗೆ ಮಸಿ ಹಾಕಿಸಿಕೊಂಡು ಬಂದವರು ನಾವು. ಎಡವುವುದೂ ಅಲ್ಲೇ. ಇಲ್ಲಿನ ಶಾಲೆಯವರು ಕೇಳಿದರೆ ‘ಓ, ಎಲ್ಲ ಆಗಿದೆ’ ಅಂತ ಧೈರ್ಯವಾಗಿ ಹೇಳುತ್ತೇವೆ. ಆಗಿರುವುದು ಅಲ್ಲಿನ ಲೆಕ್ಕಕ್ಕೆ. ಇಲ್ಲಿನ ಲೆಕ್ಕವೇ ಬೇರೆ.

ದಡಾರವನ್ನೇ ತಗೊಳ್ಳಿ. ನಮ್ಮ ಸರ್ಕಾರಿ ಪಟ್ಟಿಯ ಪ್ರಕಾರ ಮಗುವಿಗೆ 9 ತಿಂಗಳು ತುಂಬಿದ ಮೇಲೆ ಮೊದಲ ಡೋಸ್, 16ರಿಂದ 24 ತಿಂಗಳ ಒಳಗೆ ಎರಡನೆಯದು. ಎರಡೂ ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾಕ್ಕೆ. ಮಂಗನಬಾವು ಅದರಲ್ಲಿ ಸೇರಿಲ್ಲ. ಅಮೆರಿಕದಲ್ಲಿ ಹಾಕುವುದು ಎಂಎಂಆರ್, ಮೂರಕ್ಕೂ ಸೇರಿ. ಮೊದಲ ಹುಟ್ಟುಹಬ್ಬ ಆಗುವುದಕ್ಕೆ ಮೊದಲು ಹಾಕಿದ ಡೋಸನ್ನು ಇವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಂತ ನಮ್ಮ ಊರಿನ ಡಾಕ್ಟರು ತಪ್ಪು ಮಾಡಿದರು ಅಂತಲ್ಲ. ತಾಯಿಯಿಂದ ಬಂದ ರಕ್ಷಣೆ ಕೂಸಿನ ಮೈಯಲ್ಲಿ ಕೆಲವು ತಿಂಗಳು ಇರುತ್ತದೆ. ಅದು ಇರುವಾಗ ಹಾಕಿದ ಲಸಿಕೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಆದರೆ ರೋಗ ಪಕ್ಕದ ಬೀದಿಯಲ್ಲೇ ಓಡಾಡುವ ಕಡೆ ವರ್ಷ ತುಂಬಲಿ ಅಂತ ಕಾಯಲು ಆಗುವುದಿಲ್ಲ. ಅಲ್ಲಿ ಅದು ಸರಿ, ಇಲ್ಲಿ ಇದು ಸರಿ. ಮಧ್ಯೆ ವಿಮಾನ ಹತ್ತಿದ ಮಗುವಿಗೆ ಮಾತ್ರ ದಡಾರದ ಒಂದು ಡೋಸ್ ಕಡಿಮೆ, ಮಂಗನಬಾವಿನದಂತೂ ಒಂದೂ ಇಲ್ಲ.

ಪ್ರೈವೇಟ್ ಡಾಕ್ಟರ ಹತ್ತಿರ ಹಾಕಿಸಿದವರಿಗೆ ಸಾಮಾನ್ಯವಾಗಿ 9 ತಿಂಗಳು, 15 ತಿಂಗಳು, ಮತ್ತೆ 4ರಿಂದ 6 ವರ್ಷದ ನಡುವೆ ಎಂಎಂಆರ್ ಇರುತ್ತದೆ. ಕೊನೆಯ ಎರಡು ಇಲ್ಲಿ ನಡೆಯುತ್ತವೆ. ಮನೆ ಖಾಲಿ ಮಾಡಿ ವೀಸಾಕ್ಕೆ ಓಡಾಡುವ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಆ ಕೊನೆಯದೇ.

ಇನ್ನು ತಾರೀಖಿನ ತಮಾಷೆ. ತಮಾಷೆ ಅನ್ನುವುದು ಈಗ, ಆಗ ಮೈ ಉರಿದಿತ್ತು. ನಮ್ಮ ಮಗ ಹುಟ್ಟಿದ್ದು 2018ರ ಜೂನ್‌ನಲ್ಲಿ. ಅವನ 15 ತಿಂಗಳ ಡೋಸಿನ ಎದುರು ನಮ್ಮ ಡಾಕ್ಟರು 03/10/2019 ಅಂತ ಬರೆದಿದ್ದರು. ಅಕ್ಟೋಬರ್ 3. ಇಲ್ಲಿನ ಕ್ಲಿನಿಕ್‌ನಲ್ಲಿ ಅದನ್ನು ಮಾರ್ಚ್ 10 ಅಂತ ಓದಿದರು. ಆಗ ಅವನಿಗೆ 9 ತಿಂಗಳೂ ತುಂಬಿರಲಿಲ್ಲ, ಹಾಗಾಗಿ ಡೋಸ್ ರದ್ದು. ಕೌಂಟರಿನಾಕೆಗೆ ಎಷ್ಟು ಹೇಳಿದರೂ ಕಂಪ್ಯೂಟರ್ ಒಪ್ಪಲಿಲ್ಲ. ಅದೇ ಪುಸ್ತಕದಲ್ಲಿ ಇನ್ನೊಂದು ಕಡೆ 22/09 ಅಂತ ಇತ್ತು, ಇಪ್ಪತ್ತೆರಡನೇ ತಿಂಗಳು ಯಾವ ದೇಶದಲ್ಲೂ ಇಲ್ಲ ಅಲ್ವಾ ಅಂತ ಬೆರಳಿಟ್ಟು ತೋರಿಸಿದ ಮೇಲೆ ಒಳಗಿಂದ ನರ್ಸ್ ಬಂದು ತಿದ್ದಿದರು. ಹೊರಡುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಒಂದು ಲೆಟರ್‌ಹೆಡ್‌ನಲ್ಲಿ ಲಸಿಕೆಯ ಹೆಸರು, ತಾರೀಖು ಎಲ್ಲ ಇಂಗ್ಲಿಷ್‌ನಲ್ಲಿ ಬರೆಸಿ, ಸೀಲ್ ಹಾಕಿಸಿ. ತಿಂಗಳನ್ನು ಅಂಕಿಯಲ್ಲಿ ಬೇಡ, ಅಕ್ಷರದಲ್ಲಿ ಬರೆಸಿ. ತಾಯಿ ಕಾರ್ಡ್ ಕನ್ನಡದಲ್ಲಿದ್ದರೆ ಇದು ಇನ್ನೂ ಮುಖ್ಯ. ಕಾರ್ಡೇ ಕಳೆದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಎಂಎಂಆರ್ ಮತ್ತೊಮ್ಮೆ ಹಾಕಿಸಿದರೆ ಏನೂ ಆಗುವುದಿಲ್ಲ. ಎರಡು ಡೋಸಿನ ನಡುವೆ 28 ದಿನ ಇರಬೇಕು, ಅಷ್ಟೆ. ಇನ್ಶೂರೆನ್ಸ್ ಇನ್ನೂ ಶುರುವಾಗಿಲ್ಲವೇ? ವ್ಯಾಕ್ಸೀನ್ಸ್ ಫಾರ್ ಚಿಲ್ಡ್ರನ್ ಅನ್ನುವ ಸರ್ಕಾರಿ ಯೋಜನೆ ಇದೆ. ಅದರಲ್ಲಿ ಇನ್ಶೂರೆನ್ಸ್ ಇಲ್ಲದ ಮಕ್ಕಳಿಗೆ ಲಸಿಕೆ ಪುಕ್ಕಟೆ. ಫಾರಂ, ಸಹಿ, ಕಾಪಿ ಇವೆಲ್ಲ ಶಾಲೆಯವರೇ ಹೇಳುತ್ತಾರೆ.

ಕೆಲವರು ದನಿ ತಗ್ಗಿಸಿ ಕೇಳುವ ಒಂದು ಪ್ರಶ್ನೆ ಇದೆ, ಅದಕ್ಕೂ ಉತ್ತರ ಹೇಳಿಬಿಡುತ್ತೇನೆ. ಹೌದು, ಎಂ-ಎಂ-ಆರ್ 2 ಅನ್ನುವ ಕಂಪನಿ ಹೆಸರಿನ ಎಂಎಂಆರ್ ಲಸಿಕೆಯಲ್ಲಿ ಹಂದಿಯಿಂದ ಬಂದ ಜೆಲಟಿನ್ ಇದೆ. 2022ರಲ್ಲಿ ಇಲ್ಲಿ ಒಪ್ಪಿಗೆ ಪಡೆದ ಪ್ರಯೋರಿಕ್ಸ್ ಅನ್ನುವ ಇನ್ನೊಂದು ಎಂಎಂಆರ್‌ನಲ್ಲಿ ಜೆಲಟಿನ್ ಇಲ್ಲ. ಮನಸ್ಸಿಗೆ ಕಿರಿಕಿರಿ ಇದ್ದರೆ ಅದನ್ನು ಕೇಳಿ ಹಾಕಿಸಿ, ಸುಮ್ನೆ ಮುಂದೂಡುತ್ತಾ ಕೂರಬೇಡಿ.

ಮಕ್ಕಳದ್ದಾಯಿತು, ನಮ್ಮದು? ಭಾರತದಲ್ಲಿ ದಡಾರದ ಲಸಿಕೆ ಸಾರ್ವತ್ರಿಕ ಕಾರ್ಯಕ್ರಮಕ್ಕೆ ಸೇರಿದ್ದು 1985ರಲ್ಲಿ, ಅದೂ ಒಂದೇ ಡೋಸ್. ಎರಡನೆಯದು ಬಂದಿದ್ದು 2010ರಿಂದ ಈಚೆಗೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಎಂಆರ್ ಅಭಿಯಾನ ನಡೆದಾಗ 15 ವರ್ಷದೊಳಗಿನ ಮಕ್ಕಳಿಗೆ ಶಾಲೆಯಲ್ಲೇ ಹಾಕಿದರು. ಅದಕ್ಕಿಂತ ದೊಡ್ಡವರಲ್ಲಿ ಎಷ್ಟೋ ಜನಕ್ಕೆ ತಮಗೆ ಎಷ್ಟು ಡೋಸ್ ಆಗಿದೆ ಅನ್ನುವುದೇ ಗೊತ್ತಿಲ್ಲ. ‘ಚಿಕ್ಕವನಿದ್ದಾಗ ಅಮ್ಮ ಬಂದಿತ್ತು’ ಅನ್ನುತ್ತೇವೆ. ಅದು ದಡಾರವೋ ಸೀತಾಳೆ ಸಿಡುಬೋ ಅಂತ ಅಮ್ಮನನ್ನು ಕೇಳಿದರೆ ‘ಅದೇ ಕಣೋ, ಬೇವಿನ ಸೊಪ್ಪು ಹಾಸಿ ಮಲಗಿಸಿದ್ದೆವಲ್ಲ’ ಅನ್ನುತ್ತಾರೆ. ರಕ್ತ ಪರೀಕ್ಷೆ ಮಾಡಿಸಬಹುದು, ಇಲ್ಲ ಸೀದಾ ಲಸಿಕೆ ಹಾಕಿಸಿಕೊಳ್ಳಬಹುದು. ಹೊಸದಾಗಿ ಮದುವೆಯಾಗಿ ಬರುವ ಹೆಣ್ಣುಮಕ್ಕಳು ಇದನ್ನು ಬಸಿರಾಗುವ ಮೊದಲೇ ಮುಗಿಸಿಕೊಳ್ಳಿ. ಬಸಿರಿನಲ್ಲಿ ಎಂಎಂಆರ್ ಹಾಕುವುದಿಲ್ಲ, ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಕಾಯಬೇಕು. ಬಸಿರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು ಬೀಳುತ್ತದೆ.

ಬಾಣಂತನಕ್ಕೆ ಬರುವ ಅಪ್ಪ ಅಮ್ಮಂದಿರ ವಿಷಯ ಇನ್ನೊಂದು. ‘ಟಿಟಿ ಹಾಕಿಸಿಕೊಂಡಿದ್ದೀನಲ್ಲ’ ಅನ್ನುತ್ತಾರೆ. ಟಿಟಿ ಧನುರ್ವಾಯುವಿಗೆ ಮಾತ್ರ. ಎಳೆಗೂಸಿಗೆ ಅಪಾಯ ತರುವುದು ನಾಯಿಕೆಮ್ಮು. ದೊಡ್ಡವರಿಗೆ ಬಂದರೆ ಬರೀ ಹಟಮಾರಿ ಕೆಮ್ಮು, ಎರಡು ತಿಂಗಳ ಕೂಸಿಗೆ ಬಂದರೆ ಉಸಿರೇ ನಿಲ್ಲಬಹುದು. ನಾಯಿಕೆಮ್ಮಿನ ಲಸಿಕೆಯೂ ಸೇರಿರುವ ಟಿಡ್ಯಾಪ್ ಅಂತ ಕೇಳಿ, ಕೂಸನ್ನು ಮುಟ್ಟುವುದಕ್ಕೆ ಎರಡು ವಾರ ಮೊದಲೇ ಹಾಕಿಸಿಕೊಂಡರೆ ಒಳ್ಳೆಯದು. ಬಸುರಿಗೂ ಪ್ರತಿ ಸಲ, 27ರಿಂದ 36ನೇ ವಾರದೊಳಗೆ ಇಲ್ಲಿ ಟಿಡ್ಯಾಪ್ ಕೊಡುತ್ತಾರೆ.

ಕ್ಷಯದ ಪರೀಕ್ಷೆಗೆ ಹೆದರುವವರು ಬಹಳ. ನಮ್ಮ ಎಡ ತೋಳಿನ ಮೇಲೆ ಬಿಸಿಜಿ, ಅಂದರೆ ಕ್ಷಯದ ಲಸಿಕೆಯ ಗುರುತು ಇದೆಯಲ್ಲ, ಅದರಿಂದ ಚರ್ಮದ ಪರೀಕ್ಷೆ ಸುಳ್ಳೇ ಪಾಸಿಟಿವ್ ಬರಬಹುದು. ರಕ್ತದ ಪರೀಕ್ಷೆ ಕೇಳಿ, ಅದಕ್ಕೆ ಬಿಸಿಜಿ ಅಡ್ಡ ಬರುವುದಿಲ್ಲ. ಅದೂ ಪಾಸಿಟಿವ್ ಬಂದರೆ ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಎಕ್ಸ್‌ರೇ ಚೆನ್ನಾಗಿದ್ದು ಬೇರೆ ಲಕ್ಷಣವೂ ಇಲ್ಲದಿದ್ದರೆ ಕ್ರಿಮಿ ಒಳಗೆ ಮಲಗಿದೆ ಅಂತ ಅರ್ಥ. ಇನ್ನೊಬ್ಬರಿಗೆ ಹರಡುವುದಿಲ್ಲ, ಕೆಲಸ ಹೋಗುವುದಿಲ್ಲ. ಮೂರು ನಾಲ್ಕು ತಿಂಗಳ ಮಾತ್ರೆ, ಅಷ್ಟೆ. ಇದನ್ನು ಗಂಡನಿಗೂ ಹೇಳದೆ ಮುಚ್ಚಿಟ್ಟವರನ್ನು ಕಂಡಿದ್ದೇನೆ. ಊರಿನ ನಾಚಿಕೆಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬೇಡಿ.

ಈಗ ನಿಜವಾದ ಅಪಾಯದ ಮಾತು: ಊರಿಗೆ ಹೋಗಿ ಬರುವುದು. ಇಲ್ಲಿ ಹುಟ್ಟಿದ ಮಕ್ಕಳಿಗೆ ಊರು ನೆಂಟರ ಮನೆ, ನಮಗೆ ಮನೆ. ಮನೆಗೆ ಹೋಗಲು ಇಂಜೆಕ್ಷನ್ ಯಾಕೆ ಅನ್ನುವ ಹಮ್ಮು ನಮ್ಮದು. ಹಾಗಾಗಿ ಪ್ರವಾಸಿಗರು ತಪ್ಪದೆ ಹಾಕಿಸುವ ಟೈಫಾಯಿಡ್ ಲಸಿಕೆಯನ್ನು ನಾವು ಬಿಡುತ್ತೇವೆ. ಅಮೆರಿಕದಲ್ಲಿ ಕಾಣುವ ಟೈಫಾಯಿಡ್‌ನಲ್ಲಿ ಜಾಸ್ತಿ ಪಾಲು ದಕ್ಷಿಣ ಏಷ್ಯಾಕ್ಕೆ, ಅದೂ ಬಂಧುಗಳನ್ನು ನೋಡಲು, ಹೋಗಿ ಬಂದವರದ್ದು. ಇಂಜೆಕ್ಷನ್ನು 2 ವರ್ಷ ತುಂಬಿದವರಿಗೆ, ರಕ್ಷಣೆಯೂ ಸುಮಾರು ಎರಡು ವರ್ಷವೇ. 6ರಿಂದ 11 ತಿಂಗಳ ಕೂಸನ್ನು ಅಜ್ಜ ಅಜ್ಜಿಗೆ ತೋರಿಸಲು ಒಯ್ಯುವುದಾದರೆ ಹೊರಡುವುದಕ್ಕೆ ಎರಡು ವಾರ ಮುಂಚೆ ಒಂದು ಎಂಎಂಆರ್ ಹಾಕಿಸಿ ಅಂತ ಇಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯೇ ಹೇಳುತ್ತದೆ. ಅದು ಲೆಕ್ಕಕ್ಕೆ ಇಲ್ಲ, ವರ್ಷ ತುಂಬಿದ ಮೇಲೆ ಮತ್ತೆ ಎರಡು ಬೇಕು. ‘ಲೆಕ್ಕಕ್ಕಿಲ್ಲದ್ದು ಯಾಕೆ’ ಅಂತ ಬಿಟ್ಟವರುಂಟು. ದಡಾರ ನಮ್ಮ ಲೆಕ್ಕ ಕೇಳಿಕೊಂಡು ಬರುವುದಿಲ್ಲ.

ಊರಿಂದ ಬಂದ ಮೇಲಿನ ಜ್ವರದ ವಿಷಯದಲ್ಲಿ ನಾನೇ ಮಾಡಿದ ದಡ್ಡತನ ಹೇಳಬೇಕು. ಬಂದ ವಾರದಲ್ಲೇ ಕನ್ನಡ ಸಂಘದ ಕಾರ್ಯಕ್ರಮ, ಮಗಳ ಕೋಲಾಟ. ಅವಳಿಗೆ ಮೈ ಬಿಸಿ, ಮೂಗು ಸೋರುತ್ತಿತ್ತು, ಕಣ್ಣು ಕೆಂಪು. ಜೆಟ್‌ಲ್ಯಾಗ್ ಅಂದುಕೊಂಡು ಜ್ವರದ ಸಿರಪ್ ಕುಡಿಸಿದೆ, ಕೆನ್ನೆಗೆ ಬಣ್ಣ ಬಳಿದು ಸ್ಟೇಜ್ ಹತ್ತಿಸಿದೆ. ಅವಳಿಲ್ಲದಿದ್ದರೆ ಜೋಡಿ ತಪ್ಪುತ್ತದೆ ಅನ್ನುವ ಚಿಂತೆ ನನಗೆ! ಮುಂದಿನ ಸಾಲಿನಲ್ಲಿ ಒಬ್ಬರು ಕೀಮೋ ಮುಗಿಸಿ ಮೊದಲ ಸಲ ಹೊರಗೆ ಬಂದಿದ್ದರು. ಅವರ ಪಕ್ಕದಲ್ಲಿ ಮೂರು ತಿಂಗಳ ಕೂಸು. ಮಗಳಿಗೆ ಇದ್ದದ್ದು ಮಾಮೂಲಿ ವೈರಲ್ ಜ್ವರ, ನಮ್ಮ ಪುಣ್ಯ. ಆದರೆ ದಡಾರ ಶುರುವಾಗುವುದೂ ಹೀಗೇ: ಜ್ವರ, ಕೆಮ್ಮು, ಸೋರುವ ಮೂಗು, ಕೆಂಗಣ್ಣು. ಗುಳ್ಳೆ ಏಳುವುದಕ್ಕೆ ನಾಲ್ಕು ದಿನ ಮೊದಲೇ ಅದು ಹರಡುತ್ತದೆ. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆವರೆಗೆ ಆ ಕೋಣೆಯ ಗಾಳಿಯಲ್ಲಿರುತ್ತದೆ. ರಕ್ಷಣೆ ಇಲ್ಲದ ಹತ್ತು ಜನ ಹತ್ತಿರ ಇದ್ದರೆ ಒಂಬತ್ತು ಜನಕ್ಕೆ ಹಿಡಿಯುತ್ತದೆ. ಎರಡು ಡೋಸ್ ಆದವರಲ್ಲಿ ಶೇಕಡಾ 97ರಷ್ಟು ಜನಕ್ಕೆ ರಕ್ಷಣೆ ಇದೆ. ಆ ಕೂಸಿಗೆ, ಕೀಮೋ ತಗೊಂಡವರಿಗೆ ಅಷ್ಟು ರಕ್ಷಣೆ ಇರಲಿಲ್ಲ.

ಊರಿಂದ ಬಂದು ಮೂರು ವಾರದೊಳಗೆ ಜ್ವರ ಬಂದರೆ ಮಗುವನ್ನು ಎಲ್ಲೂ ಕಳಿಸಬೇಡಿ. ಮೊದಲು ಡಾಕ್ಟರಿಗೆ ಫೋನ್ ಮಾಡಿ, ‘ಇಂಡಿಯಾದಿಂದ ಬಂದಿದ್ದೇವೆ’ ಅಂತ ನೀವಾಗಿಯೇ ಹೇಳಿ. ಟೈಫಾಯಿಡ್, ಮಲೇರಿಯಾ, ಡೆಂಗಿ ಇಲ್ಲಿನ ಡಾಕ್ಟರಿಗೆ ತಟ್ಟನೆ ಹೊಳೆಯುವುದಿಲ್ಲ. ದಡಾರದ ಅನುಮಾನ ಇದ್ದರೆ ಹಿಂಬಾಗಿಲಿನಿಂದಲೋ ಕಾರಿನಲ್ಲೇ ಕೂರಿಸಿಯೋ ನೋಡುತ್ತಾರೆ. ಊರಿಂದ ತಂದ ಆ್ಯಂಟಿಬಯಾಟಿಕ್ ಡಬ್ಬಿ ತೆಗೆಯಬೇಡಿ.

ಇಲ್ಲಿ ದಡಾರ ಎಲ್ಲಿದೆ ಅಂತ ಕೇಳಬಹುದು. 2000ದಲ್ಲಿ ದೇಶದಿಂದ ತೊಲಗಿತು ಅಂತ ಘೋಷಿಸಿದ್ದರು. 2025ರಲ್ಲಿ 2,000ಕ್ಕೂ ಜಾಸ್ತಿ ಜನಕ್ಕೆ ಬಂತು, ಮೂವರು ಸತ್ತರು. ಅದರಲ್ಲಿ ಇಬ್ಬರು ಟೆಕ್ಸಾಸ್‌ನ ಮಕ್ಕಳು, ಇಬ್ಬರಿಗೂ ಲಸಿಕೆ ಆಗಿರಲಿಲ್ಲ. ವಲಸೆ ಬಂದವರು ರೋಗ ತಂದರು ಅನ್ನುವ ಮಾತು ಕಿವಿಗೆ ಬೀಳುತ್ತದೆ. ಆದರೆ ಟೆಕ್ಸಾಸ್‌ನ ಆ ಭಾಗದಲ್ಲಿ ಅದು ಹೆಚ್ಚಾಗಿ ಹಬ್ಬಿದ್ದು ಅಲ್ಲೇ ನೆಲೆಸಿರುವ, ಲಸಿಕೆ ಹಾಕಿಸದವರ ನಡುವೆ.

ನನಗೆ ಹೆಚ್ಚು ಕಾಡುವುದು ನಮ್ಮ ಹಾಗೇ ವಲಸೆ ಬಂದು ಮಿನೆಸೋಟಾ ರಾಜ್ಯದಲ್ಲಿ ನೆಲೆಸಿದ ಸೊಮಾಲಿ ಜನರ ಕಥೆ. ಒಂದು ಕಾಲಕ್ಕೆ ಅವರ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಎಂಎಂಆರ್ ಆಗಿತ್ತು. ಹತ್ತು ವರ್ಷದಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಕೆಲವು ಮಕ್ಕಳಿಗೆ ಆಟಿಸಂ ಅಂತ ಗೊತ್ತಾದಾಗ ಅಪ್ಪ ಅಮ್ಮ ಉತ್ತರ ಹುಡುಕುತ್ತಿದ್ದರು. ಬಾಗಿಲಿಗೆ ಬಂದವರು ಲಸಿಕೆ ವಿರೋಧಿಗಳು. ಆ್ಯಂಡ್ರ್ಯೂ ವೇಕ್‌ಫೀಲ್ಡ್ ಕೂಡ ಅಲ್ಲಿಗೆ ಹೋಗಿ ಮಾತಾಡಿದ. ಎಂಎಂಆರ್‌ಗೂ ಆಟಿಸಂಗೂ ಗಂಟು ಹಾಕಿದ್ದ ಅವನ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ವಾಪಸ್ ತೆಗೆಯಿತು, ಅದೇ ವರ್ಷ ಬ್ರಿಟನ್ ಅವನನ್ನು ಡಾಕ್ಟರುಗಳ ಪಟ್ಟಿಯಿಂದಲೇ ಕಿತ್ತುಹಾಕಿತು. 2017ರಲ್ಲಿ ಮಿನೆಸೋಟಾದಲ್ಲಿ 75 ಜನಕ್ಕೆ ದಡಾರ ಬಂತು, ಹೆಚ್ಚಿನವರು ಸೊಮಾಲಿ ಮಕ್ಕಳು.

ಅದು ನಮಗೂ ಆಗಬಹುದಿತ್ತು. ನಮ್ಮಲ್ಲೂ ಮಾತು ತಡವಾದ ಮಕ್ಕಳಿವೆ. ‘ಮನೆಯಲ್ಲಿ ಎರಡು ಭಾಷೆ ಬೇಡ, ಕನ್ನಡ ಬಿಡಿ’ ಅಂತ ಯಾರೋ ಹೇಳುತ್ತಾರೆ, ನಾವು ಹೆದರಿ ಬಿಡುತ್ತೇವೆ. ಎರಡು ಭಾಷೆ ಕೇಳಿದರೆ ಮಾತು ತಡವಾಗುವುದಿಲ್ಲ ಅಂತ ತಿಳಿಯುವಷ್ಟರಲ್ಲಿ ಮಗು ಅಜ್ಜಿಯ ಫೋನು ಬಂದರೆ ಎದ್ದು ಹೋಗುವಂತಾಗಿರುತ್ತದೆ. ಅದೇ ಹೊತ್ತಿಗೆ ವಾಟ್ಸಾಪ್‌ನಲ್ಲಿ ಲಸಿಕೆಯ ವಿಡಿಯೋ ಬರುತ್ತದೆ. ಊರಲ್ಲಾಗಿದ್ದರೆ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ‘ಅಕ್ಕಾ, ನಾಳೆ ಇಂಜೆಕ್ಷನ್ ಇದೆ, ಮರೀಬೇಡಿ’ ಅನ್ನುತ್ತಿದ್ದಳು. ಪಕ್ಕದ ಮನೆಯವರು ‘ನಮ್ಮವನಿಗೂ ಮೂರು ವರ್ಷದವರೆಗೆ ಮಾತು ಬರಲಿಲ್ಲ, ಡಾಕ್ಟರಿಗೆ ತೋರಿಸಿದೆವು’ ಅನ್ನುತ್ತಿದ್ದರು. ಇಲ್ಲಿ ಆ ಬಾಗಿಲು ಬಡಿಯುವವರು ಯಾರೂ ಇಲ್ಲ. ಆ ಕೆಲಸ ನಾವು ನಾವೇ ಮಾಡಿಕೊಳ್ಳಬೇಕು. ಹೊಸ ಸಂಸಾರ ಬಂದಾಗ ಕುಕ್ಕರ್ ಎಲ್ಲಿ ಸಿಗುತ್ತೆ ಅಂತ ಹೇಳುವ ನಾವು, ಮಗುವಿನ ಕಾರ್ಡ್ ನೋಡೋಣ ಕೊಡಿ ಅಂತಲೂ ಕೇಳಬಹುದು.

ಕೊನೆಗೆ, ದಡಾರ ಇದ್ದವರ ಜೊತೆ ನೀವು ಒಂದೇ ಹಾಲ್‌ನಲ್ಲಿದ್ದಿರಿ ಅಂತ ಗೊತ್ತಾದರೆ ಕಾಯಬೇಡಿ. 72 ಗಂಟೆಯೊಳಗೆ ಎಂಎಂಆರ್ ಹಾಕಿಸಿದರೆ ರೋಗ ತಡೆಯಬಹುದು. ಎಳೆಗೂಸು, ಬಸುರಿ, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಆರು ದಿನದೊಳಗೆ ಕೊಡುವ ಬೇರೆ ಇಂಜೆಕ್ಷನ್ ಇದೆ. ಲಸಿಕೆ ಆಗದ ಮಕ್ಕಳನ್ನು 21 ದಿನ ಶಾಲೆಗೆ ಸೇರಿಸುವುದಿಲ್ಲ. ದಡಾರ ಬಂದಿರುವುದು ನಿಮ್ಮ ಮನೆಯಲ್ಲೇ ಆದರೆ ಆರೋಗ್ಯ ಇಲಾಖೆಯವರು ಎಲ್ಲೆಲ್ಲಿ ಹೋಗಿದ್ದಿರಿ ಅಂತ ಕೇಳುತ್ತಾರೆ, ಮುಚ್ಚಿಡದೆ ಹೇಳಿ. ನಮ್ಮ ಗುಂಪಿಗೂ ತಿಳಿಸಿ. ಹೆಸರು ಹಾಕಲು ಮುಜುಗರವಾದರೆ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ, ಹೆಸರಿಲ್ಲದೆ ಅವರು ಹಾಕಲಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಲ್ಲಿದ್ದಿರಿ ಅನ್ನುವುದನ್ನು ಮಾತ್ರ ಸರಿಯಾಗಿ ಹೇಳಿ. ಉಳಿದವರ 72 ಗಂಟೆ ಶುರುವಾಗುವುದು ಅಲ್ಲಿಂದಲೇ.