ಪುಣೆಯ ಚಳಿಗಾಲಕ್ಕೆ ಕೈತೋಟದ ಗಿಡಗಳನ್ನು ಆರಿಸುವುದು ಹೇಗೆ?

ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು 10–12 ಡಿಗ್ರಿಯವರೆಗೆ ತಣ್ಣಗಾದರೂ ಹಗಲಿನಲ್ಲಿ ಹಿತವಾದ ಬಿಸಿಲಿರುತ್ತದೆ. ಹೂಗಿಡಗಳಿಗೆ ಇದಕ್ಕಿಂತ ಒಳ್ಳೆಯ ಹವೆ ವರ್ಷದಲ್ಲಿ ಮತ್ತೊಮ್ಮೆ ಸಿಗುವುದಿಲ್ಲ. ಆದರೂ ನಮ್ಮಲ್ಲಿ ಅನೇಕರ ಬಾಲ್ಕನಿಗಳು ದೀಪಾವಳಿ ಕಳೆಯುತ್ತಿದ್ದಂತೆ ಬಣಗುಡತೊಡಗುತ್ತವೆ. ಋತುವನ್ನು ನೋಡದೆ ಗಿಡ ಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ.

ಮೊದಲು ಬಿಸಿಲನ್ನು ಗಮನಿಸಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ನಡುಹಗಲಿನಲ್ಲೂ ಸುಮಾರು 48 ಡಿಗ್ರಿಯಷ್ಟೇ ಮೇಲೇರುವುದರಿಂದ, ಜೂನ್‌ನಲ್ಲಿ ನೆರಳಾಗಿದ್ದ ದಕ್ಷಿಣದ ಬಾಲ್ಕನಿಯ ಒಳಗಿನವರೆಗೂ ಈಗ ಬಿಸಿಲು ಬರುತ್ತದೆ. ಹೂವಿನ ಕುಂಡಗಳು ಅಲ್ಲಿರಲಿ. ಉತ್ತರದ ಬದಿಗೆ ಜರೀಗಿಡ, ಮನಿಪ್ಲಾಂಟ್‌ಗಳೇ ಸಾಕು.

ಆಯ್ಕೆಯಲ್ಲಿ ಮೊದಲ ಸ್ಥಾನವನ್ನು ನಾನು ಸೇವಂತಿಗೆಗೆ ಕೊಡುತ್ತೇನೆ. ರಾತ್ರಿ ದೀರ್ಘವಾದಾಗ ಮಾತ್ರ ಮೊಗ್ಗು ಕಟ್ಟುವ ಗಿಡವಿದು. ಬೀದಿದೀಪದ ಬೆಳಕು ರಾತ್ರಿಯಿಡೀ ಮೇಲೆ ಬೀಳುತ್ತಿದ್ದರೆ ಎಲೆ ಸೊಂಪಾಗಿದ್ದರೂ ಹೂ ಬರುವುದು ತಡವಾಗುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಕೆಂಪು ಎಲೆಗಳ ಪಾಯಿನ್‌ಸೆಟಿಯಾಗೂ ಇದೇ ನಿಯಮ ಅನ್ವಯಿಸುತ್ತದೆ. ನರ್ಸರಿಯಲ್ಲಿ ಪೂರ್ತಿ ಅರಳಿದ ಗಿಡಕ್ಕೆ ಮರುಳಾಗದೆ, ಮೆಣಸಿನ ಕಾಳಿನಷ್ಟು ದಪ್ಪದ ಬಿಗಿ ಮೊಗ್ಗುಗಳು ತುಂಬಿರುವ, ಒಂದೆರಡರಲ್ಲಿ ಮಾತ್ರ ಬಣ್ಣ ಇಣುಕುತ್ತಿರುವ ಗಿಡವನ್ನು ಆರಿಸಿ. ಕುಡಿಯನ್ನು ಮೆಲ್ಲಗೆ ಬಾಗಿಸಿ ಎಲೆಯ ಅಡಿಭಾಗವನ್ನೂ ನೋಡಿ. ಅಲ್ಲಿ ಕಪ್ಪು ಹೇನುಗಳು ಅಂಟಿಕೊಂಡಿದ್ದರೆ ಅಂಥ ಗಿಡ ಬೇಡ.

ಬಳಿಕ ಹಲವು ವರ್ಷ ಬಾಳುವ ಗಿಡಗಳನ್ನು ಯೋಚಿಸಬಹುದು. ನೇರಳೆ, ಬಿಳಿ ಹೂಗಳ ಗೋರಂಟೆ ಹೆಚ್ಚಿನ ಆರೈಕೆ ಬೇಡದ ಗಿಡ. ಇಲ್ಲಿನ ನರ್ಸರಿಗಳಲ್ಲಿ ಕೋರಾಂಟಿ ಎಂದು ಕೇಳಬೇಕು. ಬೆಳ್ಳಗೆ ಅರಳುವ ಕುಂದವನ್ನು ದೊಡ್ಡ ಕುಂಡದಲ್ಲೂ ಬೆಳೆಸಬಹುದು. ಕಾಂಪೌಂಡ್ ಗೋಡೆ ಇರುವವರು ಜನವರಿಯ ಹೊತ್ತಿಗೆ ಕಿತ್ತಳೆ ಬಣ್ಣದ ಗೊಂಚಲುಗಳನ್ನು ಹೊದ್ದು ನಿಲ್ಲುವ, ಮರಾಠಿಯವರು ಸಂಕ್ರಾಂತ್ ವೇಲ್ ಎಂದು ಕರೆಯುವ ಬಳ್ಳಿಯನ್ನು ಖಂಡಿತ ಹಬ್ಬಿಸಬೇಕು. ಅದು ಭಾರವಾಗಿ ಬೆಳೆಯುವುದರಿಂದ ಬಾಲ್ಕನಿಗೆ ಹೊಂದುವುದಿಲ್ಲ. ಬೋಗನ್‌ವಿಲ್ಲಾಕ್ಕೆ ಮಳೆ ನಿಂತ ಮೇಲೆ ನೀರು ಕಡಿಮೆ ಮಾಡಿ, ಮಣ್ಣು ಒಣಗಿದ ನಂತರವೇ ಹಾಕಿದರೆ ಹೂ ಹೆಚ್ಚು.

ನಡುವಿನ ಜಾಗಗಳಿಗೆ ಪಿಟೂನಿಯಾ, ಡಯಾಂಥಸ್, ಫ್ಲಾಕ್ಸ್ ಒಪ್ಪುತ್ತವೆ. ಬೀಜವಾದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಬಿತ್ತಬೇಕು. ತಪ್ಪಿದರೆ ನವೆಂಬರ್‌ನಲ್ಲಿ ಸೋಲಾಪುರ ರಸ್ತೆಯ ನರ್ಸರಿಗಳಿಂದ ಸಸಿ ತರಬಹುದು. ಮುಂಬಯಿ, ಗೋವಾದ ರಾತ್ರಿಗಳು ಇಷ್ಟು ತಣ್ಣಗಾಗದ ಕಾರಣ ಅಲ್ಲಿನವರು ಪ್ಯಾನ್ಸಿಯಂಥ ಚಳಿಪ್ರಿಯ ಸಸಿಗಳಿಗೆ ದುಡ್ಡು ಸುರಿಯದೆ ಬೋಗನ್‌ವಿಲ್ಲಾ, ಅಬ್ಬಲಿಗೆಗಳನ್ನು ನಂಬುವುದು ಮೇಲು.

ನೀರನ್ನು ಬೆಳಿಗ್ಗೆಯೇ, ಬುಡಕ್ಕೆ ಮಾತ್ರ ಹಾಕಿ. ಸಂಜೆ ಎಲೆ ನೆನೆದರೆ ರಾತ್ರಿಯ ತಂಪಿಗೆ ಶಿಲೀಂಧ್ರ ರೋಗ ತಗಲುತ್ತದೆ. ಹೂ ಮುಗಿದ ಸೇವಂತಿಗೆಯನ್ನು ಎಸೆಯದೆ ಬುಡದಿಂದ ನಾಲ್ಕು ಇಂಚು ಬಿಟ್ಟು ಕತ್ತರಿಸಿ, ಬೇಸಿಗೆಯಲ್ಲಿ ಅರೆನೆರಳಿನಲ್ಲಿಡಿ. ಬುಡದಲ್ಲಿ ಏಳುವ ಮರಿಗಳನ್ನು ಬೇರುಸಹಿತ ಬಿಡಿಸಿ ಜೂನ್, ಜುಲೈನಲ್ಲಿ ಬೇರೆ ಕುಂಡಗಳಿಗೆ ನೆಟ್ಟರೆ ಮುಂದಿನ ಚಳಿಗಾಲಕ್ಕೆ ಹೊಸ ಗಿಡ ಕೊಳ್ಳುವ ಅಗತ್ಯವಿರುವುದಿಲ್ಲ.