ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರು ಔಷಧಿ ಎಲ್ಲಿಡಬೇಕು?

ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರ ಕಡೆ ಮನೆಯಲ್ಲೇ ಬೇಬಿ ಸಿಟ್ಟಿಂಗ್ ನಡೆಸುವ ಅಕ್ಕಂದಿರಿಗೆ ಒಂದು ಮಾತು. ಮಗುವಿನ ಬ್ಯಾಗಿನಲ್ಲಿ ಸಿರಪ್ ಬಂದರೆ ಅಲ್ಲೇ ಬಿಡಬೇಡಿ. ಎತ್ತರದ ಕಪಾಟಿನಲ್ಲಿಟ್ಟು ಕೀಲಿ ಹಾಕಿ. ಅತ್ತೆಯವರ ಬಿಪಿ, ಶುಗರ್ ಮಾತ್ರೆಗಳೂ ಅಲ್ಲಿಗೇ ಹೋಗಲಿ. ದಿಂಬಿನ ಕೆಳಗೆ, ಟಿವಿ ಪಕ್ಕ ಬಿದ್ದಿರೋದು ಅವೇ ಜಾಸ್ತಿ, ಅಲ್ವಾ?

ಪ್ಯಾರಾಸಿಟಮಾಲ್ ವಿಷಯದಲ್ಲಿ ಹುಷಾರು. 5 ಮಿ.ಲೀ.ಗೆ 120 ಮಿ.ಗ್ರಾಂ ಇರುವ ಸಿರಪ್ಪೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಡ್ರಾಪ್ಸ್ ಆದರೆ 1 ಮಿ.ಲೀ.ಯಲ್ಲೇ 100. ಹಾಗಾಗಿ "ನಿನ್ನೆ ಕೊಟ್ಟಷ್ಟೇ ಕೊಡ್ರಿ" ಅಂತ ಪೋಷಕರು ಫೋನಿನಲ್ಲಿ ಹೇಳಿದರೆ ಸುಮ್ನೆ ಕೊಟ್ಟುಬಿಡಬೇಡಿ. ಲೇಬಲ್ಲು, ಡಾಕ್ಟರ ಚೀಟಿ ಎರಡೂ ತಾಳೆಯಾಗಬೇಕು. ಅಳೆಯೋಕೆ ಬಾಟಲಿ ಜೊತೆ ಬಂದ ಅಳತೆಯ ಮುಚ್ಚಳವೇ ಸರಿ, ಅಡುಗೆಮನೆ ಚಮಚ ಬೇಡ.

ಪೋಷಕರ ಸಹಿ ಇಲ್ಲದೆ ಯಾವ ಔಷಧಿಯೂ ಬೇಡ. ಯಾವ ಮಗುವಿಗೆ, ಏನು, ಎಷ್ಟು, ಎಷ್ಟು ಗಂಟೆಗೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾರಾದರೂ ತಪಾಸಣೆಗೆ ಬಂದರೆ ಅದನ್ನೇ ತೋರಿಸಬಹುದು. ಅದಕ್ಕಿಂತ ಮುಖ್ಯ, ಸಂಜೆ ಅಮ್ಮ ಗೊತ್ತಿಲ್ಲದೆ ಇನ್ನೊಂದು ಡೋಸ್ ಹಾಕೋದು ತಪ್ಪುತ್ತದೆ.

ಮಗು ಏನಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಬಾಟಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.