ಕಾಣದ ಹುಡಿ, ಒಗ್ಗಿಹೋದ ಸದ್ದು: ಮರಗೆಲಸದ ಶೆಡ್‌ ಸರಿಪಡಿಸುವುದು ಹೇಗೆ?

ಗರಗಸದ ಕೆಳಗೆ ರಾಶಿ ಬೀಳುವ ಹೊಟ್ಟಿನಿಂದ ಅಷ್ಟಾಗಿ ಅಪಾಯವಿಲ್ಲ. ಅದು ಭಾರ, ನೆಲಕ್ಕೆ ಬಿದ್ದಲ್ಲೇ ಇರುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು 10 ಮೈಕ್ರಾನ್‌ಗಿಂತ ಸಣ್ಣ ಹುಡಿ. ತಲೆಗೂದಲೊಂದರ ದಪ್ಪವೇ ಸುಮಾರು 70 ಮೈಕ್ರಾನ್ ಎಂದಮೇಲೆ ಈ ಹುಡಿ ಕಣ್ಣಿಗೆ ಬೀಳುವ ಮಾತೇ ಇಲ್ಲ. ಯಂತ್ರ ನಿಲ್ಲಿಸಿ ಗಂಟೆಗಟ್ಟಲೆ ಕಳೆದರೂ ಅದು ಗಾಳಿಯಲ್ಲೇ ತೇಲುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲೇ ಮರದ ಹುಡಿಯನ್ನು ಕ್ಯಾನ್ಸರ್‌ಕಾರಕಗಳ 1ನೇ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಸೈನಸ್‌ನ ಕ್ಯಾನ್ಸರ್ ಮುಖ್ಯ ಆತಂಕ. ಅದಕ್ಕೂ ಮೊದಲೇ ಕಾಡುವುದು ಆಸ್ತಮಾ, ಚರ್ಮದ ತುರಿಕೆ, ಬಿಡದ ನೆಗಡಿ.

ಹುಡಿ ಎಲ್ಲಿಂದ ಏಳುತ್ತಿದೆ ಎಂದು ಮೊದಲು ನೋಡಿಕೊಳ್ಳಿ. ಶೆಡ್ಡಿನ ದೀಪ ಆರಿಸಿ, ಸ್ಯಾಂಡರ್ (ಮರಳುಕಾಗದದಿಂದ ಉಜ್ಜುವ ಯಂತ್ರ) ಬಳಸಿದ ಜಾಗದಲ್ಲಿ ಅಡ್ಡಲಾಗಿ ಟಾರ್ಚ್ ಬಿಡಿ. ಯಂತ್ರ ಓಡುವಾಗ ಕತ್ತಲು ಬೇಡ, ನಿಲ್ಲಿಸಿದ ಮೇಲೆ ನೋಡಿದರೆ ಸಾಕು. ಬೆಳಕಿನ ಕೋಲಿನಲ್ಲಿ ಹೊಗೆಯಂತೆ ಸುಳಿದಾಡುವುದೇ ನೀವು ಉಸಿರಾಡುತ್ತಿರುವ ವಸ್ತು.

ಹುಟ್ಟಿದಲ್ಲೇ ಹಿಡಿಯಿರಿ

ಹೆಚ್ಚಿನವರು ಮಾಸ್ಕ್‌ನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಕೊನೆಯ ಹೆಜ್ಜೆ. ಒಮ್ಮೆ ಗಾಳಿಗೆ ಸೇರಿದ ಹುಡಿಯನ್ನು ವಾಪಸ್ ಹಿಡಿಯುವುದು ಕಷ್ಟ, ಬ್ಲೇಡಿನ ಬಾಯಲ್ಲೇ ಎಳೆದುಕೊಳ್ಳುವುದು ಸುಲಭ.

ಮೇಜಿಗೆ ಕೂರಿಸಿದ ಗರಗಸವಾದ ಟೇಬಲ್ ಸಾ, ಹಲಗೆ ಹೆರೆಯುವ ಪ್ಲೇನರ್‌ನಂಥ ದೊಡ್ಡ ಯಂತ್ರಗಳಿಗೆ ಡಸ್ಟ್ ಕಲೆಕ್ಟರ್, ಅಂದರೆ ಪೈಪಿನ ಮೂಲಕ ಹುಡಿ ಎಳೆದುಕೊಳ್ಳುವ ಯಂತ್ರ ಬೇಕು. ಪೈಪು ಕನಿಷ್ಠ 4 ಇಂಚಿನದಿರಲಿ. ಯಂತ್ರದ ಹತ್ತಿರ ಸಣ್ಣ ಪೈಪಿಗೆ ಇಳಿಸಿದರೆ ಗಾಳಿಯ ಹರಿವೇ ಸೊರಗುತ್ತದೆ. ಸುಕ್ಕುಸುಕ್ಕಾದ ಹೋಸ್ ಒಳಗೆ ಗಾಳಿ ತಡವರಿಸುವುದರಿಂದ ಅದನ್ನು ಕೊನೆಯ ಒಂದೆರಡು ಅಡಿಗಷ್ಟೇ ಬಳಸಿ, ಉಳಿದದ್ದಕ್ಕೆ ನುಣುಪಾದ ಪೈಪು ಹಾಕಿ. ಬಳಸದ ಯಂತ್ರದ ಕಡೆ ಹೋಗುವ ಪೈಪಿನ ಬಾಗಿಲು ಮುಚ್ಚಿಡಿ. ಟೇಬಲ್ ಸಾದಲ್ಲಿ ಕೆಳಗಿನಿಂದ ಮಾತ್ರ ಎಳೆದರೆ ಸಾಲದು. ಬ್ಲೇಡಿನ ಹಲ್ಲು ಮೇಲಕ್ಕೂ ಹುಡಿ ಎರಚುತ್ತದೆ, ಅದೂ ನಿಂತವರ ಮುಖದತ್ತಲೇ. ಹಾಗಾಗಿ ಮೇಲಿನ ಗಾರ್ಡ್‌ಗೂ ಒಂದು ಪೈಪು ಬೇಕು.

ಕಲೆಕ್ಟರ್‌ನ ಚೀಲವನ್ನೂ ಗಮನಿಸಿ. ಸಾದಾ ಬಟ್ಟೆಯ ಚೀಲ ಹೊಟ್ಟನ್ನು ಹಿಡಿದಿಟ್ಟು ನುಣ್ಣನೆ ಹುಡಿಯನ್ನು ಹೊರಗೆ ಬಿಡುತ್ತದೆ. ಆಗ ನೀವು ದುಡ್ಡು ಕೊಟ್ಟು ತಂದದ್ದು ಹುಡಿ ಹರಡುವ ಯಂತ್ರ! ಸೂಕ್ಷ್ಮ ಫಿಲ್ಟರ್ ಹಾಕಿಸಿ. ಇಲ್ಲವೇ ಯಂತ್ರವನ್ನೇ ಗೋಡೆಯಾಚೆ ಇಟ್ಟು, ಶೆಡ್ಡಿನೊಳಗೆ ಹೊಸ ಗಾಳಿ ಬರಲು ದಾರಿ ಮಾಡಿ.

ಎಲ್ಲಕ್ಕಿಂತ ಕೆಟ್ಟ ಹುಡಿ ಏಳುವುದು ಕೈಯಲ್ಲಿ ಹಿಡಿಯುವ ಸ್ಯಾಂಡರ್‌ನಿಂದ. ಅದರ ಹಿಂಬದಿಗೆ ವ್ಯಾಕ್ಯೂಮ್ ಜೋಡಿಸಿ. ಪೇಪರ್ ಅಂಟಿಸುವಾಗ ಅದರ ತೂತುಗಳು ಪ್ಯಾಡಿನ ತೂತುಗಳಿಗೆ ಸರಿಯಾಗಿ ಕೂತಿವೆಯೇ ಎಂದು ತಿರುಗಿಸಿ ನೋಡಿ. ಅರ್ಧ ತೂತು ಮುಚ್ಚಿದರೆ ಎಳೆತವೂ ತಗ್ಗುತ್ತದೆ, ಪೇಪರ್ ಕೂಡ ಬೇಗ ಕಟ್ಟಿಕೊಳ್ಳುತ್ತದೆ. ಆಗುವ ಕಡೆ ಸ್ಯಾಂಡಿಂಗ್ ಬಿಟ್ಟು ತೋಪಡ ಹೊಡೆಯಿರಿ. ಸುರುಳಿ ಸುರುಳಿಯಾಗಿ ಬೀಳುವ ಸಿಪ್ಪೆ ಯಾರ ಮೂಗಿಗೂ ಹೋಗುವುದಿಲ್ಲ. ಎಂಡಿಎಫ್ ಹಲಗೆಗೆ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ್ದು) ವಿಶೇಷ ಎಚ್ಚರ ಬೇಕು. ಅದರ ಹುಡಿ ತೀರಾ ನುಣುಪು, ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಎಂಬ ವಿಷಕಾರಿ ರಾಸಾಯನಿಕ ಇರುತ್ತದೆ.

ಪೊರಕೆಗೆ ರಜೆ

ಒಣ ನೆಲ ಗುಡಿಸುವುದು, ಕಂಪ್ರೆಸರ್ ಗಾಳಿ ಬಿಟ್ಟು ಮೈ ಕೊಡವಿಕೊಳ್ಳುವುದು ಎರಡನ್ನೂ ನಿಲ್ಲಿಸಿ. ಕೂತ ಹುಡಿಯನ್ನು ಮತ್ತೆ ಎಬ್ಬಿಸಿದಂತಾಗುತ್ತದೆ ಅಷ್ಟೆ. ಅತಿ ಸಣ್ಣ ಹುಡಿಯನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್, ಒದ್ದೆ ಬಟ್ಟೆ ಸಾಕು. ತೊಲೆ, ಟ್ಯೂಬ್‌ಲೈಟ್‌ಗಳ ಮೇಲೆ ಪದರ ಕಟ್ಟಲು ಬಿಡಬೇಡಿ. ನುಣ್ಣನೆ ಹುಡಿ ಗಾಳಿಗೆ ಹಾರಿ ಕಿಡಿ ತಾಗಿದರೆ ಸ್ಫೋಟಿಸಬಲ್ಲದು.

ಇಷ್ಟಾದ ಮೇಲೆ ಮಾಸ್ಕ್. ಕರವಸ್ತ್ರ, ಸರ್ಜಿಕಲ್ ಮಾಸ್ಕ್ ಲೆಕ್ಕಕ್ಕಿಲ್ಲ; ಎನ್‌95 ಅಥವಾ ಅದಕ್ಕಿಂತ ಮೇಲಿನದ್ದು ಬೇಕು. ಗಡ್ಡವಿದ್ದರೆ ಅಂಚು ಚರ್ಮಕ್ಕೆ ಕೂರುವುದಿಲ್ಲ. ಯಂತ್ರ ನಿಂತ ತಕ್ಷಣ ಮಾಸ್ಕ್ ಕೆಳಗಿಳಿಸುವ ಅಭ್ಯಾಸವೂ ಒಳ್ಳೆಯದಲ್ಲ. ಕಾರಣ ಆಗಲೇ ಹೇಳಿದೆ.

ಇನ್ನು ಸದ್ದು

ಒಂದು ಕೈಯಳತೆ ದೂರದಲ್ಲಿ ನಿಂತವರ ಜೊತೆ ದನಿ ಎತ್ತರಿಸಿ ಮಾತಾಡಬೇಕಾಗಿ ಬಂದರೆ ಸದ್ದು 85 ಡೆಸಿಬಲ್ ದಾಟಿರುವ ಸಾಧ್ಯತೆ ಹೆಚ್ಚು. 85ಕ್ಕೆ ದಿನಕ್ಕೆ 8 ಗಂಟೆ ಮಿತಿ ಎಂದು ಹಲವು ತಜ್ಞ ಸಂಸ್ಥೆಗಳು ಹೇಳುತ್ತವೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಮಿತಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ಪ್ಲೇನರ್, ರೂಟರ್ ಆ ಮಟ್ಟವನ್ನು ಸಲೀಸಾಗಿ ಮುಟ್ಟುತ್ತವೆ. ಒಳಕಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಮಸುಕಾಗುವುದು ಎತ್ತರದ ದನಿ. ಮಾತಿನಲ್ಲಿ ಸ, ಶ ಬೇರೆಬೇರೆಯಾಗಿ ಕೇಳಿಸದೆ ಹೋಗುತ್ತದೆ. "ಅಭ್ಯಾಸವಾಗಿದೆ, ಈಗ ಅಷ್ಟು ಜೋರು ಅನ್ನಿಸಲ್ಲ" ಎನ್ನುವವರ ಕಿವಿ ಆಗಲೇ ಮಂದವಾಗಿರಬಹುದು.

ಇಲ್ಲೂ ಮೂಲದಿಂದಲೇ ಶುರು ಮಾಡಿ. ಮೊಂಡಾದ ಬ್ಲೇಡು ಹೆಚ್ಚು ಅರಚುತ್ತದೆ, ಸಾಣೆ ಹಿಡಿಸಿ. ಪ್ಲೇನರ್‌ನ ಉದ್ದನೆ ಅಲಗಿನ ಬದಲು ಸುರುಳಿ ಜೋಡಣೆಯ ಕಟರ್ ಹಾಕಿದರೆ ಸದ್ದು ಎದ್ದು ಕಾಣುವಷ್ಟು ಇಳಿಯುತ್ತದೆ. ಗಡಗಡ ಅನ್ನುವ ತಗಡು ಬಿಗಿ ಮಾಡಿ, ಯಂತ್ರದ ಕಾಲಡಿ ರಬ್ಬರ್ ಪ್ಯಾಡ್ ಇಡಿ. ಒಂದೇ ಮಟ್ಟದ ಎರಡು ಯಂತ್ರ ಒಟ್ಟಿಗೆ ಓಡಿದರೆ 3 ಡೆಸಿಬಲ್ ಕೂಡುತ್ತದೆ. ಹಾಗಾಗಿ ಕಲೆಕ್ಟರ್ ಅನ್ನು ಗೋಡೆಯಾಚೆ ಕಳಿಸಿದರೆ ಕಿವಿಗೂ ಲಾಭ. ಪೆಟ್ಟಿಗೆ ಕಟ್ಟಿ ಮುಚ್ಚುವುದಾದರೆ ಮೋಟಾರ್ ಕಾಯದಂತೆ ಗಾಳಿಯಾಡಲು ಬಿಡಿ.

ಫೋಮ್ ಇಯರ್‌ಪ್ಲಗ್ ಅನ್ನು ಸುಮ್ಮನೆ ತುರುಕಿದರೆ ಉಪಯೋಗವಿಲ್ಲ. ಬೆರಳಲ್ಲಿ ತೆಳ್ಳಗೆ ಹೊಸೆಯಿರಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಪ್ಲಗ್ ಒಳಗಿಡಿ, ಅದು ಉಬ್ಬಿ ಕೂರುವವರೆಗೆ ಒತ್ತಿ ಹಿಡಿಯಿರಿ. ಸರಿಯಾಗಿ ಕೂತರೆ ನಿಮ್ಮ ದನಿಯೇ ತಲೆಯೊಳಗೆ ಗುಂಯ್‌ಗುಟ್ಟುತ್ತದೆ. ಇಯರ್‌ಮಫ್ ಹಾಕುವವರ ಕನ್ನಡಕದ ಕಡ್ಡಿ ದಪ್ಪವಿದ್ದರೆ ಸಂದಿನಿಂದ ಸದ್ದು ನುಗ್ಗುತ್ತದೆ, ತೆಳು ಕಡ್ಡಿಯದ್ದು ಕೊಳ್ಳಿ.

ವರ್ಷಕ್ಕೊಮ್ಮೆ ಕಿವಿ ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಆಡಿಯೋಗ್ರಾಂ ಪರೀಕ್ಷೆ ಮಾಡಿಸಿ, ಚೀಟಿ ಎತ್ತಿಟ್ಟುಕೊಳ್ಳಿ. ಮೊದಲ ಪರೀಕ್ಷೆಗೆ ಹೋಗುವ ಮುಂಚಿನ 14 ಗಂಟೆ ಯಂತ್ರದ ಸದ್ದಿನಿಂದ ದೂರವಿರಬೇಕು. ಆದ್ದರಿಂದ ಬೆಳಿಗ್ಗೆ, ಕೆಲಸ ಶುರುವಾಗುವ ಮುಂಚಿನ ಸಮಯವನ್ನೇ ಕೇಳಿ ಪಡೆಯಿರಿ.